ಹೆ ಮತ್ತು ಕ

4 ಆಗಸ್ಟ್, ಸೋಮವಾರ

ಬೆಳಿಗ್ಗೆ ಎಂಟೂಕಾಲಿಗೆ ಪಿಟೀಲಿನವನು ಶುರು ಹಚ್ಚಿಕೊಂಡ. ನಾನು ಈ ಮನೆಗೆ ಬಂದು ಹನ್ನೊಂದು ದಿನ. ಹನ್ನೊಂದು ದಿನವೂ ಅವನೇ. ಅದೇ ರೆಕಾರ್ಡು, ಅದರ ಮೊದಲ ಎರಡೇ ನಿಮಿಷ, ನಾಲ್ಕು ಸಲ. ಮೂರನೇ ನಿಮಿಷದಲ್ಲಿ ಏನಾಗುತ್ತದೆ ಎಂದು ಈ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಗುರುವಾರ ನನ್ನ ಮೊದಲ ಟೆಸ್ಟ್. ಒಂದೇ ಪ್ಯಾರಾ ಆರು ಸಲ ಓದಿದೆ. ತಲೆಗೆ ಹತ್ತಿದ್ದು ಪಿಟೀಲು ಮಾತ್ರ.

ಸ್ಕೂಲಿನ ಹಾಸ್ಟೆಲ್ಲಿನಲ್ಲಿ ಸ್ಟಡಿ ಅವರ್ ಅಂದರೆ ಸ್ಟಡಿ ಅವರ್. ಸೂಜಿ ಬಿದ್ದರೆ ವಾರ್ಡನ್ ಬಂದು ಯಾರ ಸೂಜಿ ಎಂದು ಕೇಳುತ್ತಿದ್ದರು. ಹನ್ನೆರಡು ವರ್ಷ ಹಾಗೆ ಬೆಳೆದವಳನ್ನು ತಂದು ಇಲ್ಲಿ, ಅತ್ತೆಯ ಮನೆಯಲ್ಲಿ, ಬಿಟ್ಟಿದ್ದಾರೆ ಅಪ್ಪ. ಕಾಲೇಜ್ ಹಾಸ್ಟೆಲ್ಲಿನ ವೇಟಿಂಗ್ ಲಿಸ್ಟಿನಲ್ಲಿ ನನ್ನದು ಹದಿನಾಲ್ಕನೇ ನಂಬರು. ಮುಂದಿನ ಹದಿಮೂರು ಜನಕ್ಕೆ ಕೆಟ್ಟದ್ದಾಗಲಿ ಎಂದು ನಾನು ಬಯಸುವುದಿಲ್ಲ. ಹದಿಮೂರು ಜನಕ್ಕೂ ಒಳ್ಳೆಯ ಬಾಡಿಗೆ ರೂಮು ಸಿಗಲಿ ಸಾಕು.

ಅತ್ತೆ ಅಪ್ಪನ ಅಕ್ಕ. ಮೂವತ್ತೊಂದು ವರ್ಷ ಟ್ರಾನ್ಸ್‌ಫಾರ್ಮರ್ ವರ್ಕ್‌ಶಾಪಿನಲ್ಲಿ ತಂತಿ ಸುತ್ತಿದವರು. ರಿಟೈರ್ ಆದ ಮೇಲೂ ಸುತ್ತುವುದು ನಿಂತಿಲ್ಲ. ಮುಂದಿನ ಕೋಣೆಯಲ್ಲಿ ಕಿಟಕಿ ಪಕ್ಕ ಕೈಯಿಂದ ತಿರುಗಿಸುವ ಮೆಷಿನ್ನು, ಅದಕ್ಕೊಂದು ಕೌಂಟರ್, ಕೂದಲಿಗಿಂತ ಸಪೂರ ತಂತಿಯ ಉಂಡೆಗಳು. ಆಡಿಯೋ ಅಂಗಡಿಯವರು ಆರ್ಡರ್ ತರುತ್ತಾರೆ, ಇವರು ಸುತ್ತಿ ಕೊಡುತ್ತಾರೆ. ಬೆಳಿಗ್ಗೆ ಕೆಲಸಕ್ಕೆ ಕೂರುವ ಮೊದಲು ತಾವೇ ಸುತ್ತಿದ ಹಳೆಯ ಟ್ರಾನ್ಸ್‌ಫಾರ್ಮರ್ ಡಬ್ಬಿಯ ಮೂಲಕ ಆ ರೆಕಾರ್ಡು ಕೇಳಬೇಕು. ಅದಕ್ಕೆ ‘ಕಿವಿ ತೊಳೆದುಕೊಳ್ಳೋದು’ ಎಂದು ಹೆಸರು.

ಡಬ್ಬಿ ಯಾಕೆ ಬೇಕು ಎಂದು ಬಾಯಿ ತಪ್ಪಿ ಕೇಳಿಬಿಟ್ಟೆ.

“ನೋಡೇ ಹಾಸ್ಟೆಲ್ಲು,” ಎಂದರು. ನನ್ನನ್ನು ಕರೆಯುವುದೇ ಹಾಗೆ. “ಮುಳ್ಳಿನ ಹಿಂದೆ ಈ ಕಾರ್ಟ್ರಿಜ್ ಇದೆಯಲ್ಲ, ಇದರೊಳಗೆ ಅಲ್ಲಾಡೋದು ಸುರುಳಿನೇ. ಅದರ ಧ್ವನಿ ಇರುವೆ ಕೆಮ್ಮಿದ ಹಾಗೆ. ಅದನ್ನ ಎತ್ತಿ ಆಂಪ್ಲಿಫೈಯರ್ ಕೈಗೆ ಕೊಡೋದು ಈ ಡಬ್ಬಿ. ಒಂದು ಕಡೆ ಕೊಟ್ರೆ ಒಂದಕ್ಕೆ ಹತ್ತು ಮಾಡುತ್ತೆ, ಇನ್ನೊಂದು ಕಡೆ ಕೊಟ್ರೆ ಒಂದಕ್ಕೆ ಮೂವತ್ತು.”

“ಅಂದ್ರೆ ಗಾಸಿಪ್ ಡಬ್ಬಿ.”

“ಹೂಂ. ಇದ್ದದ್ದಕ್ಕೆ ಹತ್ತು ಸೇರ್ಸಿ ಹೇಳೋ ಬುದ್ಧಿ ಜನಕ್ಕೆಲ್ಲ ಇದೆ, ಡಬ್ಬಿಗಿದ್ರೆ ತಪ್ಪಾ?”

ನಗು ಬಂತು. ಟೆಸ್ಟ್ ಇಟ್ಟುಕೊಂಡು ನಗುತ್ತಿದ್ದೇನಲ್ಲ ಎಂದು ಸಿಟ್ಟೂ ಬಂತು.

5 ಆಗಸ್ಟ್, ಮಂಗಳವಾರ

ಇದು ಯಾರಿಗೂ ಹೇಳುವ ವಿಷಯವಲ್ಲ. ಬರೆದಿಟ್ಟರೆ ಮನಸ್ಸಿಗೆ ಸಮಾಧಾನ, ಅಷ್ಟೆ.

ಮಧ್ಯಾಹ್ನ ಅತ್ತೆ ತಂತಿ ತರಲು ಹೋದಾಗ ಡಬ್ಬಿಯನ್ನು ಗೋಡೆಯಿಂದ ಈಚೆಗೆ ಎಳೆದು ನೋಡಿದೆ. ಹಿಂದುಗಡೆ ಸ್ಕ್ರೂಗಳ ಎರಡು ಜೊತೆ. ಒಂದರ ಮೇಲೆ ಉಗುರುಬಣ್ಣದಲ್ಲಿ ‘ಹೆ’ ಎಂದು ಬರೆದಿದೆ, ಇನ್ನೊಂದರ ಮೇಲೆ ‘ಕ’. ಎರಡೂ ತಂತಿ ‘ಹೆ’ ಮೇಲಿದ್ದವು. ಹೆಚ್ಚು, ಕಡಿಮೆ. ಇದಕ್ಕೆ ಎಂಜಿನಿಯರಿಂಗ್ ಬೇಕಿಲ್ಲ. ‘ಹೆಚ್ಚು’ ಮೇಲೆ ಇಟ್ಟುಕೊಂಡು ಮನೆಯ ಸೂರು ಹಾರಿಸುತ್ತಿದ್ದಾರೆ! ‘ಕಡಿಮೆ’ಗೆ ಹಾಕಿದರೆ ಪಿಟೀಲಿನವನು ಸ್ವಲ್ಪ ಮೆತ್ತಗಾಗುತ್ತಾನೆ, ನಾನೂ ಓದಬಹುದು. ಎರಡು ಸ್ಕ್ರೂ ಸಡಿಲಿಸಿದೆ, ತಂತಿ ಬದಲಿಸಿದೆ, ಬಿಗಿ ಮಾಡಿದೆ. ಸರಿಯಾಗಿದೆಯೇ ಎಂದು ರೆಕಾರ್ಡು ಹಾಕಿದೆ.

ಜೋರಾಯಿತು!

ಕಡಿಮೆಗೆ ಹಾಕಿದರೆ ಜೋರಾಗುವುದು ಯಾವ ಲಾಜಿಕ್? ಹಾಗಾದರೆ ‘ಕ’ ಕಡೆಯೇ ಒಂದಕ್ಕೆ ಮೂವತ್ತು ಇರಬೇಕು. ಬರೆಯುವಾಗ ಅದಲು ಬದಲು ಮಾಡಿದ್ದಾರೆ. ವಾಪಸ್ ಹಾಕೋಣ ಎನ್ನುವಷ್ಟರಲ್ಲಿ ಮೆಟ್ಟಿಲ ಮೇಲೆ ಅತ್ತೆಯ ಚಪ್ಪಲಿ ಸದ್ದು. ಡಬ್ಬಿ ಒಳಗೆ ತಳ್ಳಿ, ವಾಲ್ಯೂಮ್ ಗುಂಡಿಯನ್ನು ಮೊದಲಿನಷ್ಟೇ ಕೇಳುವವರೆಗೆ ಇಳಿಸಿ, ಪುಸ್ತಕ ಹಿಡಿದು ಕೂತೆ.

ಇರಲಿ. ಮೊದಲಿನಷ್ಟೇ ಕೇಳುತ್ತಿದ್ದರೆ ಯಾರಿಗೇನು ನಷ್ಟ?

6 ಆಗಸ್ಟ್, ಬುಧವಾರ

ಅತ್ತೆ ರೆಕಾರ್ಡು ಹಾಕಿದರು, ನಿಲ್ಲಿಸಿದರು. ಬ್ರಶ್ಶಿನಿಂದ ಮುಳ್ಳು ಒರೆಸಿದರು, ಮತ್ತೆ ಹಾಕಿದರು. ಮತ್ತೆ ನಿಲ್ಲಿಸಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ನಾನು ಕೂತಲ್ಲೇ ಬೆವೆತೆ.

“ಉಸಿರೆಲ್ಲಿ ಹೋಯ್ತೇ ಇವನದು?”

“ಯಾರದು ಅತ್ತೆ?”

“ಇವನದೇ. ಬಿಲ್ಲು ತಂತಿಗೆ ತಾಗೋಕೆ ಮುಂಚೆ ಒಂದು ಉಸಿರು ಎಳ್ಕೋತಾನೆ. ಇಪ್ಪತ್ತು ವರ್ಷದಿಂದ ಎಳ್ಕೊಂಡಿದಾನೆ. ಇವತ್ತು ಉಸಿರೇ ಇಲ್ದೆ ಬಾರಿಸ್ತಿದಾನೆ, ಹೆಣ ಎದ್ದು ಬಂದ ಹಾಗೆ.”

ಡ್ರಾಯರಿನಿಂದ ಸ್ಕ್ರೂಡ್ರೈವರ್ ತೆಗೆದರು. ಡಬ್ಬಿಯ ಕಡೆ ಬಗ್ಗಿದರು. ಬಗ್ಗಿದವರು ಹಾಗೇ ತಿರುಗಿ, “ಇರು, ನೀನು ಕೇಳು ಮೊದ್ಲು. ಎಳೇ ಕಿವಿ ನಿಂದು,” ಎಂದು ಮತ್ತೆ ಮುಳ್ಳಿಟ್ಟರು. “ಕೇಳ್ತಾ?”

“ಹೂಂ ಅತ್ತೆ. ಕೇಳ್ತು.”

ಹನ್ನೆರಡು ವರ್ಷದ ಅಭ್ಯಾಸ. ಊಟ ಸರಿಯಿದೆಯಾ? ಎಸ್ ಮೇಡಂ. ಅರ್ಥ ಆಯ್ತಾ? ಎಸ್ ಮೇಡಂ. ಹೂಂ ಎಂದರೆ ಕೇಳಿದವರು ಮುಂದೆ ಹೋಗುತ್ತಾರೆ.

ಅತ್ತೆಯೂ ಹೋದರು. ಸ್ಕ್ರೂಡ್ರೈವರನ್ನು ಡ್ರಾಯರಿಗೆ ಹಾಕಿದರು. “ನಿಂಗೆ ಕೇಳ್ತು ಅಂದ್ರೆ ಡಬ್ಬಿ ಸರಿಯಾಗೇ ಇದೆ,” ಎಂದರು.

ಬದುಕಿದೆ.

8 ಆಗಸ್ಟ್, ಶುಕ್ರವಾರ

ನಿನ್ನೆ ಟೆಸ್ಟ್ ಹಾಳಾಯಿತು. ಎರಡು ಪ್ರಶ್ನೆ ಬಿಟ್ಟೆ, ಬರೆದದ್ದರಲ್ಲಿ ಇನ್ನೊಂದನ್ನೂ ಬಿಟ್ಟಿದ್ದರೆ ಚೆನ್ನಾಗಿತ್ತು.

ಮನೆಯಲ್ಲಿ ಪಿಟೀಲಿಲ್ಲ. ಮೆಷಿನ್ ತಿರುಗುವ ಕಿರ್‌ಕಿರ್ ಕೂಡ ಇಲ್ಲ. ಕೌಂಟರ್ 1,840ರಲ್ಲಿ ನಿಂತಿದೆ, ಅರ್ಧ ಸುತ್ತಿದ ಸುರುಳಿಯ ಮೇಲೆ ಬಟ್ಟೆ ಹೊದಿಸಿದ್ದಾರೆ. ಅತ್ತೆ ಕಿಟಕಿಯ ಬಳಿ ಸುಮ್ಮನೆ ಕೂತಿರುತ್ತಾರೆ. ನಾನು ಪುಟ ಮಗುಚಿದರೆ ತಿರುಗಿ ನೋಡುತ್ತಾರೆ, ಮಗುಚಿದ್ದು ಕೇಳಿಸಿತೇ ಎಂದು ಪರೀಕ್ಷೆ ಮಾಡಿಕೊಳ್ಳುವವರ ಹಾಗೆ. ಬೇಕು ಬೇಕು ಎಂದಿದ್ದ ಸೈಲೆನ್ಸ್ ಸಿಕ್ಕಿದೆ. ಇದರಲ್ಲೂ ಓದಲಾಗುತ್ತಿಲ್ಲ. ನನ್ನ ತಲೆಯೇ ಸರಿಯಿಲ್ಲ.

11 ಆಗಸ್ಟ್, ಸೋಮವಾರ

ಕಿವಿ ಡಾಕ್ಟರ ಹತ್ತಿರ. ಎರಡು ಕ್ಲಾಸ್ ಹೋಯಿತು. ಅತ್ತೆಯನ್ನು ಗಾಜಿನ ಗೂಡಿನಲ್ಲಿ ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಬೀಪ್ ಕೇಳಿದರೆ ಗುಂಡಿ ಒತ್ತಿ ಎಂದರು. ಅತ್ತೆ ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, ಬೀಪ್ ಬರುವ ಮೊದಲೇ ಒತ್ತುತ್ತಿದ್ದರು. “ಇದು ಲಿಫ್ಟ್ ಅಲ್ಲಮ್ಮ, ಒತ್ತಿದಷ್ಟೂ ಬೇಗ ಬರೋಕೆ,” ಎಂದರು ಡಾಕ್ಟರು.

ರಿಪೋರ್ಟು: ಮೇಲಿನ ಸ್ವರಗಳು ಸ್ವಲ್ಪ ಕಡಿಮೆ, ವಯಸ್ಸಿಗೆ ಸಹಜ, ಗಾಬರಿ ಬೇಡ.

ಬಸ್ಸಿನಲ್ಲಿ ಆರು ಸ್ಟಾಪ್ ರಿಪೋರ್ಟನ್ನೇ ಓದಿದರು. ಏಳನೆಯದರಲ್ಲಿ, “ಹಾಗಾದ್ರೆ ಅದೇ,” ಎಂದರು.

“ಏನು ಅತ್ತೆ ಅದೇ? ಅರವತ್ತಮೂರಕ್ಕೆ ಎಲ್ಲರಿಗೂ ಆಗೋದೇ ಅಂದ್ರಲ್ಲ ಅವ್ರು?”

“ಎಲ್ಲರಿಗೂ ಆದ್ರೆ ಆಗ್ಲಿ. ಎಲ್ಲರೂ ಕೇಳಿ ಬದುಕೋರಾ?”

ಸಣ್ಣದನ್ನು ಇಷ್ಟು ದೊಡ್ಡದು ಮಾಡುತ್ತಾರಲ್ಲ ಎಂದು ತಲೆ ಕೆಟ್ಟಿತು. ಅಪ್ಪ ಫೋನ್ ಮಾಡಿ ಅಕ್ಕ ಹೇಗಿದ್ದಾಳೆ ಎಂದಾಗ “ಚೆನ್ನಾಗಿದಾರೆ” ಎಂದೆ.

13 ಆಗಸ್ಟ್, ಬುಧವಾರ

ಅಂಗಡಿಯವರು ಬಂದಿದ್ದರು. ದಪ್ಪ ಕನ್ನಡಕ, ಜೇಬಿನಲ್ಲಿ ಯಾವಾಗಲೂ ಸ್ಕ್ರೂ. ಕೂತ ಕುರ್ಚಿಯಲ್ಲೆಲ್ಲ ಒಂದೆರಡು ಉದುರಿಸಿ ಹೋಗುತ್ತಾರೆ.

“ಏನಕ್ಕೋರೇ, ಟ್ರಾನ್ಸ್‌ಫಾರ್ಮರ್ ಜೋಡಿ ರೆಡಿನಾ? ಗಿರಾಕಿ ದಿನಕ್ಕೆ ಮೂರು ಸಲ ಫೋನ್ ಮಾಡ್ತಾನೆ. ಹೆಂಡ್ತಿ ಹೆರಿಗೆಗೂ ಇಷ್ಟು ಒದ್ದಾಡಿರಲ್ಲ ಅವನು.”

“ಬೇರೆಯವರ ಹತ್ರ ಮಾಡ್ಸಿ. ನನ್ನ ಕಿವಿ ಹೋಯ್ತು.”

“ತಮಾಷೆ ಬಿಡಿ.”

“ತಮಾಷೆನಾ? ಸುತ್ತೋದನ್ನ ಮೆಷಿನ್ನೂ ಸುತ್ತುತ್ತೆ. ಎಲ್ಲಿ ತಪ್ಪಿದೆ ಅಂತ ಕೇಳಿ ಹಿಡಿಯೋದಿತ್ತು ನಂದು. ಅದೇ ಇಲ್ಲ ಅಂದ್ಮೇಲೆ ಏನು ಕೊಡ್ಲಿ ನಿಮ್ಗೆ? ಶನಿವಾರ ಬಂದು ಮೆಷಿನ್ ತಗೊಂಡ್ಹೋಗಿ. ಕಿವಿ ಇರೋರಿಗೆ ಕೊಡಿ.”

ಅಂಗಡಿಯವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಟೀ ಅರ್ಧಕ್ಕೇ ಬಿಟ್ಟು ಎದ್ದು ಹೋದರು. ಕುರ್ಚಿಯಲ್ಲಿ ಒಂದು ಸ್ಕ್ರೂ ಕೂಡ ಬೀಳಲಿಲ್ಲ.

ಸಂಜೆ ಹಾಸ್ಟೆಲ್ ಆಫೀಸಿನಿಂದ ಫೋನು. ಸೀಟು ಖಾಲಿ ಇದೆಯಂತೆ, ಸೋಮವಾರದೊಳಗೆ ಬಂದು ಸೈನ್ ಮಾಡಬೇಕಂತೆ. “ನೋಡ್ತೀನಿ” ಎಂದೆ. ಯಾಕೆ ಹಾಗೆಂದೆನೋ! ಕುಣಿಯಬೇಕಿತ್ತು ನಾನು.

14 ಆಗಸ್ಟ್, ಗುರುವಾರ



ಇವತ್ತು ಲೆಕ್ಚರರ್ ಮೇಡಂ ಟ್ರಾನ್ಸ್‌ಫಾರ್ಮರ್ ಶುರು ಮಾಡಿದರು. ಸುತ್ತು ಎಷ್ಟು ಪಟ್ಟೋ ವೋಲ್ಟೇಜ್ ಅಷ್ಟು ಪಟ್ಟು ಏರುತ್ತದೆ. ಅದು ನನಗೆ ಗೊತ್ತಿತ್ತು. ಅದರ ಮುಂದಿನ ಸಾಲು ಗೊತ್ತಿರಲಿಲ್ಲ: ಆಚೆ ಕಡೆ ಇರುವ ತಡೆ, ಅದೇ ಓಮಿನಲ್ಲಿ ಅಳೆಯುವುದು, ಈಚೆಯಿಂದ ನೋಡಿದರೆ ಆ ಪಟ್ಟಿನ ವರ್ಗದಷ್ಟು ಚಿಕ್ಕದಾಗಿ ಕಾಣುತ್ತದೆ. ಪಟ್ಟು ಹತ್ತಾದರೆ ನೂರರಿಂದ ಭಾಗಿಸಬೇಕು. ಮೂವತ್ತಾದರೆ ಒಂಬೈನೂರರಿಂದ.

ಅತ್ತೆಯ ಕಾರ್ಟ್ರಿಜ್ಜಿನ ಪೆಟ್ಟಿಗೆ ಮೇಲೂ ಆಂಪ್ಲಿಫೈಯರ್ ಬೆನ್ನ ಮೇಲೂ ಬರೆದಿದ್ದ ಓಮ್ ನಂಬರುಗಳು ನೆನಪಿದ್ದವು. ಕ್ಲಾಸ್ ಮುಗಿದ ಮೇಲೆ ಹೋಗಿ ಕೇಳಿದೆ. ಜನ್ಮದಲ್ಲಿ ಮೊದಲ ಸಲ ನಾನಾಗಿ ಒಬ್ಬ ಟೀಚರ ಹತ್ತಿರ ಹೋಗಿದ್ದು.

“ಮೇಡಂ, ನಲವತ್ತು ಓಮಿನ ಕಾರ್ಟ್ರಿಜ್ಜು, ಆಚೆ ನಲವತ್ತೇಳು ಸಾವಿರ ಓಮಿನ ಆಂಪ್ಲಿಫೈಯರ್. ಒಂದಕ್ಕೆ ಮೂವತ್ತು ಹಾಕಿದ್ರೆ ಏನಾಗುತ್ತೆ?”

“ನೀನೇ ಭಾಗಿಸು.”

ಐವತ್ತೆರಡು. ಒಂದಕ್ಕೆ ಹತ್ತಾಗಿದ್ದರೆ ನಾನೂರ ಎಪ್ಪತ್ತು.

“ನಲವತ್ತರ ಎದುರು ಐವತ್ತೆರಡು ಕೂರಿಸಿದ್ಯ. ಕುತ್ತಿಗೆ ಹಿಸುಕಿದ ಹಾಗೆ. ಹತ್ತು ಪಟ್ಟಾದ್ರೂ ಜಾಗ ಬೇಕು ಅದಕ್ಕೆ. ಸದ್ದು ಜೋರಾಗೇ ಬರುತ್ತೆ, ಆದ್ರೆ ಸೂಕ್ಷ್ಮ ಎಲ್ಲ ಸಾಯುತ್ತೆ. ಮೇಲಿನ ಸ್ವರ ಮೊದ್ಲು,” ಎಂದು ಚೀಲ ಎತ್ತಿಕೊಂಡರು. “ಯಾರು ಹಾಗೆ ಹಾಕಿದ್ದು?”

“ಯಾರೋ,” ಎಂದೆ.

ಮೇಲಿನ ಸ್ವರ ಮೊದಲು. ಉಸಿರು ಸತ್ತಿದ್ದು ಅತ್ತೆಯ ಕಿವಿಯಲ್ಲಲ್ಲ, ಡಬ್ಬಿಯ ಹಿಂದೆ. ಕೊಂದವಳು ನಾನು. ಅದೂ ಸಾಲದೆ ಕೇಳಿಸಿತು ಎಂದು ಸಾಕ್ಷಿ ಬೇರೆ ಹೇಳಿದೆ.

15 ಆಗಸ್ಟ್, ಶುಕ್ರವಾರ

ಬೆಳಿಗ್ಗೆಯಿಂದ ಎರಡು ಸಲ ಬಾಯಿ ತೆರೆದೆ. ಒಂದು ಸಲ “ಅತ್ತೆ, ಸೋಪು ಖಾಲಿಯಾಗಿದೆ” ಎಂದೆ. ಇನ್ನೊಂದು ಸಲ ಆಕಳಿಸಿದೆ.

ಆಮೇಲೆ ಒಂದು ಉಪಾಯ ಹೊಳೆಯಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅತ್ತೆ ಸ್ನಾನಕ್ಕೆ ಹೋದಾಗ ತಂತಿಗಳನ್ನು ಮತ್ತೆ ‘ಹೆ’ಗೆ ಹಾಕಿಬಿಟ್ಟೆ. ಈಗ ಕೇಳಿದರೆ ಉಸಿರು ಬರುತ್ತದೆ, ಅತ್ತೆ ಖುಷಿಯಾಗುತ್ತಾರೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ.

“ಅತ್ತೆ, ಆ ಪಿಟೀಲು ಹಾಕೋಣ್ವಾ?”

“ಬೇಡ.”

“ಒಂದ್ಸಲ ಅತ್ತೆ.”

“ಬಂದ ದಿನದಿಂದ ಕಿವಿಗೆ ಹತ್ತಿ ತುರುಕಿಕೊಂಡಿದ್ದೋಳಿಗೆ ಈಗೇನೇ ಪಿಟೀಲಿನ ಮೋಹ? ಬೇಡ ಅಂದ್ನಲ್ಲ. ಸತ್ತೋರ ಮುಖ ಎಷ್ಟು ಸಲ ನೋಡ್ತಾರೆ?”

ರೆಕಾರ್ಡನ್ನು ಕಾಗದದ ಕವರಿಗೆ ಹಾಕಿ ಬೀರುವಿನ ಮೇಲಿಟ್ಟರು. ತಂತಿಯ ಉಂಡೆಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ತುಂಬಿದರು. ಸರಿಯಾಗಿರುವ ಡಬ್ಬಿ, ಕೇಳಲೊಲ್ಲದ ಅತ್ತೆ. ದೇವರೇ, ಈ ಮನೆಯಲ್ಲಿ ಒಂದಾದರೂ ಕೆಲಸ ಸುಲಭವಾಗಿ ಆಗುವುದಿಲ್ಲವೇ?

16 ಆಗಸ್ಟ್, ಶನಿವಾರ

ಹತ್ತು ಗಂಟೆಗೆ ಅಂಗಡಿಯವರು ವ್ಯಾನ್ ತಂದರು. ಮೆಷಿನ್ನಿನ ನಾಲ್ಕು ಬೋಲ್ಟಿನಲ್ಲಿ ಮೂರು ಬಿಚ್ಚಿದ್ದಾಯಿತು. ಅತ್ತೆ ಒರೆಸುವ ಬಟ್ಟೆ ಹಿಡಿದು, ಹೊರಟ ಮೆಷಿನ್ನನ್ನೇ ಒರೆಸುತ್ತಿದ್ದರು. ನಾಲ್ಕನೇ ಬೋಲ್ಟು ತಿರುಗಿದಾಗ ನಾನು ಕಿರುಚಿದೆ. ಮೆತ್ತಗೆ ಹೇಳಬೇಕು ಎಂದುಕೊಂಡಿದ್ದೆ, ಕಿರುಚಿದ್ದಾಯಿತು.

“ನಿಮ್ಮ ಕಿವಿ ಅಲ್ಲ ಅತ್ತೆ! ನಾನೇ! ಹೆ ಇಂದ ಕ ಗೆ ಹಾಕಿದ್ದೆ!”

ಅಂಗಡಿಯವರ ಕೈಯಿಂದ ಸ್ಪ್ಯಾನರ್ ಬಿತ್ತು. “ಏನು ಹೆ? ಏನು ಕ? ಅಕ್ಷರಾಭ್ಯಾಸನಾ?”

ಎಲ್ಲ ಹೇಳಿದೆ. ಟೆಸ್ಟ್, ಸ್ಕ್ರೂ, ಐವತ್ತೆರಡು ಓಮ್, ನಿನ್ನೆ ವಾಪಸ್ ಹಾಕಿದ್ದು. ಕಡಿಮೆಗೆ ಹಾಕಿದರೆ ಸದ್ದು ಕಡಿಮೆಯಾಗುತ್ತದೆ ಎಂದುಕೊಂಡೆ ಎಂದಾಗ ಅತ್ತೆ ತಲೆ ಚಚ್ಚಿಕೊಂಡರು.

“ಅದು ಸದ್ದಿನ ಹೆಚ್ಚು ಕಡಿಮೆ ಅಲ್ವೇ! ಹೆಚ್ಚು ತಡೆ ಇರೋ ಕಾರ್ಟ್ರಿಜ್ ಬಂದ್ರೆ ಆ ಕಡೆ, ಕಡಿಮೆ ತಡೆ ಇರೋದು ಬಂದ್ರೆ ಈ ಕಡೆ. ಬಾಗಿಲ ಮೇಲೆ ಒಳಗೆ ಬರೋರ ಹೆಸರು ಬರೀಬೇಕು, ಒಳಗೆ ಹೋದ್ಮೇಲೆ ಏನಾಗ್ತಾರೆ ಅಂತ ಬರೀತಾರಾ? ವರ್ಕ್‌ಶಾಪಲ್ಲಿ ಎಲ್ಲರೂ ಹಾಗೇ ಬರೀತಿದ್ವಿ.”

“ನಂಗೇನು ಗೊತ್ತು?”

“ಗೊತ್ತಿಲ್ದೆ ಇರೋದು ತಪ್ಪಲ್ಲ.” ಅಲ್ಲಿಯವರೆಗೆ ಜೋರಾಗಿದ್ದ ದನಿ ಇಳಿಯಿತು. “ಕೇಳ್ತಾ ಅಂತ ಕೇಳಿದ್ದೆನಲ್ಲ. ಕೇಳ್ತು ಅಂದ್ಯಲ್ಲ. ಕೇಳಿತ್ತಾ ನಿಂಗೆ?”

“ಇಲ್ಲ.”

“ಮತ್ತೆ?”

“ಕೇಳಿಸ್ಕೊಂಡೇ ಇರ್ಲಿಲ್ಲ ಅತ್ತೆ. ಸುಮ್ನೆ ಹೂಂ ಅಂದೆ.”

“ಆ ನಿನ್ನ ಒಂದು ಹೂಂ ನಂಬಿ ನಾನು ಮೂವತ್ತೊಂದು ವರ್ಷದ ಕಿವಿ ಬಿಟ್ಟೆ ಕಣೇ.”

ಹೊಡೆದಿದ್ದರೆ ಚೆನ್ನಾಗಿತ್ತು.

ರೆಕಾರ್ಡು ಇಳಿಸಿದ್ದು ಅಂಗಡಿಯವರು. ಮೂವರೂ ನಿಂತೇ ಕೇಳಿದೆವು. ಮುಳ್ಳು ಕೂತಿತು, ಚರಚರ ಎಂದಿತು. ಆಮೇಲೆ, ಬಿಲ್ಲಿಗಿಂತ ಸ್ವಲ್ಪ ಮೊದಲು, ಒಬ್ಬ ಮನುಷ್ಯ ಮೂಗಿನಿಂದ ಗಾಳಿ ಎಳೆದುಕೊಂಡ, ಭಾರದ ಚೀಲ ಎತ್ತುವ ಮುಂಚೆ ಎಳೆದುಕೊಳ್ಳುತ್ತೇವಲ್ಲ ಹಾಗೆ. ಇಷ್ಟು ದಿನ ಇದೇ ಕೋಣೆಯಲ್ಲಿ ಎಳೆದುಕೊಳ್ಳುತ್ತಿದ್ದನೇ ಇವನು?

“ಬಂತು!” ಎಂದರು ಅಂಗಡಿಯವರು.

ಅತ್ತೆ ನನ್ನ ಕಡೆ ತಿರುಗಿದರು.

“ಕೇಳ್ತು ಅತ್ತೆ. ನಿಜವಾಗ್ಲೂ. ನಿಮ್ಗೆ?”

ಎರಡನೇ ಸಲ ಹಾಕಿಸಿದರು. ಮೂರನೇ ಸಲ. ಕೊನೆಗೆ ಕುರ್ಚಿಯಲ್ಲಿ ಕೂತರು.

“ಅರ್ಧ,” ಎಂದರು. “ಮುಂಚೆ ಇದ್ದಷ್ಟಿಲ್ಲ. ಡಾಕ್ಟರ್ ಹೇಳಿದ್ದೂ ಸುಳ್ಳಲ್ಲ.”

ಅಂಗಡಿಯವರು ಸ್ಪ್ಯಾನರ್ ಎತ್ತಿಕೊಂಡು, “ಅಕ್ಕೋರೇ, ಬೋಲ್ಟು ಬಿಗಿ ಮಾಡ್ಲಾ, ಬಿಚ್ಲಾ? ವ್ಯಾನಿನವನು ಹಾರ್ನ್ ಹೊಡೀತಿದಾನೆ,” ಎಂದರು.

ಅತ್ತೆ ನನ್ನನ್ನೇ ನೋಡುತ್ತ, “ನಿಂಗೆ ಇಲ್ಲ ಅನ್ನೋಕೆ ಬರುತ್ತೇನೇ?” ಎಂದರು.

“ಅಂದ್ರೆ?”

“ಸುತ್ತೋಳು ನಾನು. ಕೇಳೋಳು ನೀನು. ಆದ್ರೆ ನನ್ನ ಮುಖ ನೋಡಿ ಹೂಂ ಅಂದ್ಯೋ, ಅವತ್ತೇ ಮೆಷಿನ್ ಹೊರಗೆ, ಹಿಂದಿಂದ ನೀನು.”

ಅಂಗಡಿಯವರು ನನ್ನ ಉತ್ತರಕ್ಕೂ ಕಾಯದೆ ಬೋಲ್ಟು ಬಿಗಿ ಮಾಡತೊಡಗಿದರು.

19 ಆಗಸ್ಟ್, ಮಂಗಳವಾರ

ಇದೊಂದು ಹೊಸ ಕಾಟ. ಕಾಲೇಜಿಗೆ ಹೋಗುವ ಮೊದಲು ಗೋಡೆಗೆ ಮುಖ ಮಾಡಿ ಕೂರಬೇಕು. ಹಿಂದುಗಡೆ ಅತ್ತೆ ತಂತಿಯನ್ನು ಒಮ್ಮೆ ಹೆ, ಒಮ್ಮೆ ಕ ಮಾಡಿ, ಸದ್ದು ಸಮ ಮಾಡಿ, “ಕೇಳ್ತಾ?” ಎನ್ನುತ್ತಾರೆ. ಎಂಟು ಸಲದಲ್ಲಿ ನಿನ್ನೆ ಐದು ಸರಿ, ಇವತ್ತು ಏಳು. “ಎಂಟನೇದ್ರಲ್ಲಿ ನಿದ್ದೆ ಮಾಡಿದ್ಯಾ?” ಎಂದು ಬೈಗುಳ. ಇದಕ್ಕೆ ಮಾರ್ಕ್ಸ್ ಕೂಡ ಇಲ್ಲ.

ಈ ಗಲಾಟೆಯಲ್ಲಿ ನಿನ್ನೆ ಹಾಸ್ಟೆಲ್ ಆಫೀಸಿಗೆ ಹೋಗುವುದು ಮರೆತೇ ಹೋಯಿತು. ಹದಿನೈದನೇ ನಂಬರಿನವಳಿಗೆ ಕೊಟ್ಟಿರಬೇಕು.

25 ಆಗಸ್ಟ್, ಸೋಮವಾರ

ಜೋಡಿ ಮುಗಿಯಿತು. ಎಡಕ್ಕೊಂದು, ಬಲಕ್ಕೊಂದು. ಸಂಜೆ ಅಂಗಡಿಯವರು ಒಯ್ಯಲು ಬರುವವರಿದ್ದರು. ನಾನು ಗೋಡೆಗೆ ಮುಖ ಮಾಡಿದೆ. ಮೊದಲು ಹಳೆಯ ಡಬ್ಬಿ: ಉಸಿರು ಎರಡೂ ಕಡೆ. ಆಮೇಲೆ ಹೊಸದು.

“ಕೇಳ್ತಾ?”

ಬಲಗಡೆ ಬಂತು. ಎಡಗಡೆ ಬಿಲ್ಲು ಮಾತ್ರ.

ನಾಲ್ಕು ದಿನದ ಕೆಲಸ ಅದು. ಕೂತು ಕೂತು ಅತ್ತೆಯ ಸೊಂಟ ಹಿಡಿದುಕೊಂಡು, ನಿನ್ನೆ ನಾನೇ ಬಿಸಿನೀರಿನ ಚೀಲ ಇಟ್ಟಿದ್ದೆ.

“ಎಡಗಡೆ ಇಲ್ಲ ಅತ್ತೆ.”

“ಸರಿಯಾಗಿ ಕೇಳು.” ಮತ್ತೆ ಹಾಕಿದರು.

“ಇಲ್ಲ.”

“ಕಿವೀಲಿ ನೀರು ಹೋಗಿರ್ಬೇಕು ನಿಂಗೆ.”

“ಇಲ್ಲ ಅತ್ತೆ. ಇಲ್ಲ ಅಂದ್ರೆ ಇಲ್ಲ.”

ಹಿಂದಿನಿಂದ ಸ್ಕ್ರೂ ಬಿಚ್ಚುವ ಸದ್ದು. ತಿರುಗಿ ನೋಡಿದರೆ ಎಡಗಡೆಯದರ ಮುಚ್ಚಳ ತೆಗೆದು, ಸುರುಳಿಯನ್ನು ಮೆಷಿನ್ನಿಗೆ ಏರಿಸಿ, ಹಿಂದಕ್ಕೆ ತಿರುಗಿಸತೊಡಗಿದ್ದರು. ಅಂಗಡಿಯವರಿಗೆ ಬರಬೇಡಿ ಎಂದು ಫೋನ್ ಮಾಡಿದೆ. ಅಯ್ಯಯ್ಯೋ ಎಂದರು. ಬಿಚ್ಚಿದ ತಂತಿಯನ್ನು ಉಂಡೆಗೆ ಸುತ್ತುತ್ತ ನಾನೂ ಕೂತೆ. ನಾಳೆ ಲ್ಯಾಬ್ ರೆಕಾರ್ಡ್ ಸಬ್ಮಿಟ್ ಮಾಡಬೇಕು, ಒಂದಕ್ಷರ ಬರೆದಿಲ್ಲ.

ಮುನ್ನೂರು ಸುತ್ತು ಬಿಚ್ಚಿದ ಮೇಲೆ ಅತ್ತೆಯ ಕೈ ನಿಂತಿತು. ತಂತಿಯ ಒಂದು ಗೇಣನ್ನು ಕಿಟಕಿಯ ಬೆಳಕಿಗೆ ಹಿಡಿದರು.

“ಇಲ್ಲಿ ನೋಡು. ಮೇಲಿನ ಬಣ್ಣ ಎದ್ದು ಹೋಗಿದೆ, ಪಕ್ಕದ ಸುತ್ತಿಗೆ ತಾಗಿಬಿಟ್ಟಿದೆ. ಕಾಣ್ತಾ?”

ಕಣ್ಣು ಕಿರಿದು ಮಾಡಿ ನೋಡಿದೆ. “ಇಲ್ಲ ಅತ್ತೆ.”

“ನಂಗೂ ಕಾಣಲ್ಲ,” ಎಂದರು. ನನ್ನ ತೋರುಬೆರಳು ಹಿಡಿದು ತಂತಿಯ ಮೇಲೆ ಮೆಲ್ಲಗೆ ಎಳೆದರು. ನುಣುಪು, ನುಣುಪು, ನುಣುಪು. ಆಮೇಲೆ, ಸಕ್ಕರೆಯ ಅರ್ಧ ಕಾಳಿನಷ್ಟು, ಒರಟು.